ಮೀಟರ್ ಮೆಚ್ಚುಗೆಯಾಯಿತು, ಅದರ ಆ್ಯಪ್ ಕೊಡುವ ಸರಾಸರಿ ವೇಗವಲ್ಲ

ಈ ಸೈಕಲ್ ಮೀಟರನ್ನು ಬಹುಕಾಲದಿಂದ ಬಳಸುತ್ತಿದ್ದೇನೆ. ಬ್ಯಾಟರಿ, ಪರದೆಗಳ ವಿವರ ಪೆಟ್ಟಿಗೆಯ ಮೇಲೆಯೇ ಇರುವುದರಿಂದ ಇಲ್ಲಿ ಬರೆಯುವುದಿಲ್ಲ. ಹೊರಡುವ ಮುನ್ನ ಮುಂದಿನ ಚಕ್ರವನ್ನೆತ್ತಿ ಕೈಯಿಂದ ತಿರುಗಿಸಿ, ಕಡ್ಡಿಗೆ ಸಿಕ್ಕಿಸಿದ ಅಯಸ್ಕಾಂತ ಸೆನ್ಸರ್‌ನ ಮುಂದೆ ಹಾದುಹೋದಂತೆ ಪರದೆಯಲ್ಲಿ ಅಂಕಿ ಮೂಡುವುದನ್ನು ನೋಡಿ, ಗುಂಡಿಯನ್ನು ಒತ್ತಿಹಿಡಿದು ಹಿಂದಿನ ಸವಾರಿಯ ಲೆಕ್ಕವನ್ನು ಸೊನ್ನೆಗೆ ತರುವುದು ನನಗೆ ಪ್ರಿಯವಾದ ಕೆಲಸ. ಚಕ್ರದ ಸುತ್ತಳತೆಯನ್ನೂ ಪಟ್ಟಿಯಿಂದ ಆರಿಸದೆ ನಾನೇ ಅಳೆದು ತುಂಬಿದ್ದೇನೆ: ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಸೀಟಿನ ಮೇಲೆ ಭಾರ ಬಿಟ್ಟು ಕುಳಿತು, ನೆಲದ ಮೇಲೆ ಒಂದು ಸುತ್ತು ಉರುಳಿಸಿ ಅಳೆಯಬೇಕು. ಈ ಅಳತೆ ಶೇ. 1ರಷ್ಟು ತಪ್ಪಿದರೆ ದೂರವೂ ವೇಗವೂ ಅಷ್ಟೇ ತಪ್ಪುತ್ತವೆ.

ಮೀಟರಿನ ಪರದೆಯಲ್ಲಿ ಕಾಣುವ ಸರಾಸರಿ ವೇಗ ಸರಿಯಾಗಿಯೇ ಇರುತ್ತದೆ, ಏಕೆಂದರೆ ಅದು ಒಟ್ಟು ದೂರವನ್ನು ಚಕ್ರ ತಿರುಗಿದ ಒಟ್ಟು ಸಮಯದಿಂದ ಭಾಗಿಸುತ್ತದೆ. ಬೇಸರ ಹುಟ್ಟಿಸಿದ್ದು ಜೊತೆಯಲ್ಲಿ ಬರುವ ಆ್ಯಪ್. ದಾರಿಯನ್ನು ಲ್ಯಾಪ್‌ಗಳಾಗಿ ವಿಂಗಡಿಸಿದರೆ ಅದು ಪ್ರತಿ ಲ್ಯಾಪ್‌ನ ವೇಗವನ್ನು ಕೂಡಿಸಿ, ಲ್ಯಾಪ್‌ಗಳ ಸಂಖ್ಯೆಯಿಂದ ಭಾಗಿಸಿಬಿಡುತ್ತದೆ. 12 ಕಿ.ಮೀ. ಏರನ್ನು ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತಿ, ಅದೇ ದಾರಿಯನ್ನು ಗಂಟೆಗೆ 36 ಕಿ.ಮೀ. ವೇಗದಲ್ಲಿ ಇಳಿದರೆ ಆ್ಯಪ್ 24 ಎನ್ನುತ್ತದೆ. ಆದರೆ ಹತ್ತಲು 60 ನಿಮಿಷ, ಇಳಿಯಲು 20 ನಿಮಿಷ; 24 ಕಿ.ಮೀ.ಗೆ 80 ನಿಮಿಷವೆಂದರೆ ಗಂಟೆಗೆ 18 ಕಿ.ಮೀ. ಮಾತ್ರ. ನಿಧಾನವಾಗಿ ಸಾಗಿದ ಭಾಗವೇ ಹೆಚ್ಚು ಸಮಯ ತಿನ್ನುವುದರಿಂದ ಸರಾಸರಿಯನ್ನು ಅದೇ ತನ್ನತ್ತ ಎಳೆಯುತ್ತದೆ. ಈ ದಾರಿಯಲ್ಲಿ 24ರ ಸರಾಸರಿ ಬರಬೇಕಾದರೆ ಹೋಗಿಬರುವುದೆಲ್ಲ ಒಂದೇ ಗಂಟೆಯಲ್ಲಿ ಮುಗಿಯಬೇಕು. ಆ ಗಂಟೆಯೋ ಹತ್ತುವಷ್ಟರಲ್ಲೇ ಕಳೆದಿರುತ್ತದೆ! ಎಷ್ಟು ವೇಗವಾಗಿ ಇಳಿದರೂ ಯಾರಿಗೂ ದಕ್ಕದ ಅಂಕಿಯನ್ನು ಸಾಧನೆಯೆಂದು ತೋರಿಸುವುದು ಅಭ್ಯಾಸ ಮಾಡುವವರಿಗೆ ಅನ್ಯಾಯ.

ಎರಡೂ ಲ್ಯಾಪ್‌ಗಳಿಗೆ ಸಮಾನ ಸಮಯ ಹಿಡಿದಿದ್ದರೆ ಆ್ಯಪ್‌ನ ಕ್ರಮವೇ ಸರಿಯಾಗುತ್ತಿತ್ತು. ಸಮತಟ್ಟಾದ ದಾರಿಯಲ್ಲಿ ಒಂದೇ ಹದದಲ್ಲಿ ತುಳಿಯುವವರಿಗೆ ವ್ಯತ್ಯಾಸ ಗಮನಕ್ಕೇ ಬಾರದಿರಬಹುದು.

ಇಷ್ಟಾದರೂ ಮೀಟರನ್ನು ಬದಲಿಸುವ ಮನಸ್ಸಿಲ್ಲ. ಪ್ರತಿ ಲ್ಯಾಪ್‌ನ ದೂರವನ್ನೂ ಸಮಯವನ್ನೂ ಆ್ಯಪ್ ಮುಚ್ಚಿಡದೆ ಕೊಡುತ್ತದೆ; ಸವಾರಿ ಮುಗಿದ ಮೇಲೆ ಅವೆರಡನ್ನು ಬೇರೆಬೇರೆಯಾಗಿ ಕೂಡಿ ಭಾಗಿಸಿದರೆ ಮೀಟರಿನ ಅಂಕಿಯೇ ಬರುತ್ತದೆ. ಏರುತಗ್ಗಿನ ದಾರಿಯಲ್ಲಿ ಓಡಾಡುವವರು ಮೀಟರನ್ನು ಧೈರ್ಯವಾಗಿ ಕೊಳ್ಳಬಹುದು, ಆದರೆ ಆ್ಯಪ್‌ನ ಸರಾಸರಿ ಸಾಲನ್ನು ತಯಾರಕರು ತಿದ್ದುವವರೆಗೂ ನಂಬಬಾರದು.