ಕೊರೆದು ಬಣ್ಣ ಹೊಡೆಯಲು ಯಾವ ಸ್ಟೆನ್ಸಿಲ್ ಅಕ್ಷರ ಒಳ್ಳೆಯದು?

ಮರದ ಪೆಟ್ಟಿಗೆ ಮತ್ತು ತಗಡಿನ ಡ್ರಮ್ಮುಗಳ ಮೇಲೆ ಹೆಸರು ಬರೆಯುವುದಕ್ಕಾಗಿ ಕೆಲವು ಸ್ಟೆನ್ಸಿಲ್ ಫಾಂಟ್‌ಗಳನ್ನು ಹಳೆಯ ಎಕ್ಸ್-ರೇ ಹಾಳೆಯಲ್ಲಿ ಕೊರೆದು, ಸ್ಪ್ರೇ ಬಣ್ಣ ಹೊಡೆದು ಹೋಲಿಸಿ ನೋಡಿದ್ದೇನೆ. ಇಂಗ್ಲಿಷಿನ 'ಓ' ಅಕ್ಷರವನ್ನು ಹಾಗೆಯೇ ಕೊರೆದರೆ ಅದರ ಒಳಗಿನ ಭಾಗ ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡುವ ಸಣ್ಣ ಕೊಂಡಿಗಳೇ ಈ ಅಕ್ಷರಗಳಿಗೆ ಅವುಗಳ ವಿಶಿಷ್ಟ ರೂಪವನ್ನು ಕೊಟ್ಟಿವೆ.

ಎಲ್ಲರೂ ಮೊದಲು ಆರಿಸಿಕೊಳ್ಳುವುದು ಮೈಕ್ರೋಸಾಫ್ಟ್ ಆಫೀಸ್ ಜೊತೆಗೆ ಬರುವ 'ಸ್ಟೆನ್ಸಿಲ್' ಫಾಂಟನ್ನು. ಜೆರ್ರಿ ಪೊವೆಲ್ ಇದನ್ನು 1937ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಸಂಸ್ಥೆಗಾಗಿ ರೂಪಿಸಿದರು. ಅದೇ ವರ್ಷ ಆರ್. ಹಂಟರ್ ಮಿಡಲ್‌ಟನ್ ಲಡ್ಲೋ ಕಂಪನಿಗೆ ಅದೇ ಹೆಸರಿನ ಮತ್ತೊಂದನ್ನು ಮಾಡಿದರು. ಪೊವೆಲ್ ಅವರ ಅಕ್ಷರದ ದಪ್ಪ ಕಂಬಗಳು ಮತ್ತು ದುಂಡಗಾದ ಮೂಲೆಗಳು ಸರಕಿನ ಪೆಟ್ಟಿಗೆಯ ಗತ್ತನ್ನು ಕೂಡಲೇ ತರುತ್ತವೆ. ಪೋಸ್ಟರಿನ ತಲೆಬರಹಕ್ಕೆ ನಾನು ಇಂದಿಗೂ ಇದನ್ನೇ ಆರಿಸುತ್ತೇನೆ. ಆದರೆ ಇದು ಅಚ್ಚಿನ ಮೊಳೆಯಾಗಿ ಹುಟ್ಟಿದ್ದು, ಇದರಲ್ಲಿ ದೊಡ್ಡಕ್ಷರಗಳು ಮಾತ್ರ ಇವೆ. ಉದ್ದನೆಯ ಸೂಚನೆಯನ್ನು ಇದರಲ್ಲಿ ಬರೆದರೆ ಓದುವವರ ಕಣ್ಣು ದಣಿಯುತ್ತದೆ.

ವರ್ನನ್ ಆ್ಯಡಮ್ಸ್ ಅವರ 'ಸ್ಟಾರ್ಡೋಸ್ ಸ್ಟೆನ್ಸಿಲ್'ನಲ್ಲಿ ಸಣ್ಣಕ್ಷರಗಳೂ ಇವೆ, ಕಾಗದದ ಮೇಲೆ ಸೊಗಸಾಗಿಯೂ ಕಾಣುತ್ತದೆ. ಆದರೆ ಅದರ ತೆಳು ಗೆರೆಗಳನ್ನು ಒಂದು ಅಂಗುಲದ ಎತ್ತರದಲ್ಲಿ ಕೊರೆದಾಗ ಕಿಂಡಿ ಬಹಳ ಕಿರಿದಾಗಿ, ಎರಡನೆಯ ಸಲ ಹೊಡೆಯುವಷ್ಟರಲ್ಲಿ ಬಣ್ಣ ಕಟ್ಟಿಕೊಂಡಿತು.

ಪೆಟ್ಟಿಗೆಯ ಮೇಲೆ ನಿಜವಾಗಿ ಗೆದ್ದದ್ದು ಮ್ಯಾಟ್ ಮ್ಯಾಕಿನರ್ನಿ ಅವರ 'ಅಲರ್ಟಾ ಸ್ಟೆನ್ಸಿಲ್'. ದೂರದಿಂದ ಬೇಗ ಓದಲು ಬರಬೇಕೆಂದು ಫಲಕಗಳಿಗಾಗಿಯೇ ರೂಪಿಸಿದ ಅಕ್ಷರ ಇದು. ಗೆರೆಗಳ ದಪ್ಪ ಹೆಚ್ಚುಕಡಿಮೆ ಒಂದೇ ಸಮನಾಗಿರುವುದರಿಂದ ಬಣ್ಣ ಎಲ್ಲೆಡೆ ಒಂದೇ ಹದದಲ್ಲಿ ಕೂರುತ್ತದೆ. ಚಿಕ್ಕ ಗಾತ್ರದಲ್ಲಿ ಕೊಂಡಿಗಳನ್ನು ಮಾತ್ರ ನಾನೇ ತುಸು ಅಗಲ ಮಾಡಿಕೊಳ್ಳುತ್ತೇನೆ.

ಕನ್ನಡಕ್ಕೆ ಈ ಯಾವುದೂ ಒದಗುವುದಿಲ್ಲವಾದ್ದರಿಂದ 'ನೋಟೋ ಸ್ಯಾನ್ಸ್ ಕನ್ನಡ'ದ ದಪ್ಪ ಅಕ್ಷರಗಳನ್ನು ಮುದ್ರಿಸಿ, ಕೊಂಡಿಗಳನ್ನು ಪೆನ್ಸಿಲಿನಿಂದ ಗುರುತು ಹಾಕಿ ಕೊರೆಯುತ್ತೇನೆ. ಇಲ್ಲಿ ಕೊಂಡಿಯ ಜಾಗವನ್ನು ಬಹಳ ಎಚ್ಚರದಿಂದ ಆರಿಸಬೇಕು. ಇಂಗ್ಲಿಷಿನಂತೆ ಅಕ್ಷರದ ಕೆಳಗಡೆ, ನಟ್ಟನಡುವೆ ಕೊಂಡಿ ಬಿಟ್ಟರೆ ಅದು ಹೊಟ್ಟೆ ಸೀಳಿದಂತೆ ಕಂಡು, 'ದ'ಕಾರ 'ಧ'ಕಾರವಾಗಿ, 'ಪ'ಕಾರ 'ಫ'ಕಾರವಾಗಿ 'ಗೋದಾಮು' ಎಂಬುದು 'ಗೋಧಾಮು' ಎಂದಾಗುತ್ತದೆ. ಆದ್ದರಿಂದ ಕೊಂಡಿಗಳನ್ನು ಪಕ್ಕಕ್ಕೆ ಸರಿಸುವುದೇ ಲೇಸು. 'ಠ'ದಲ್ಲಿ ನಡುವಿನ ಚುಕ್ಕೆ ತೂತಾಗಿಯೇ ಇರುತ್ತದೆ, ಬೀಳುವುದು ಅದರ ಸುತ್ತಲಿನ ಬಳೆ; ಅದನ್ನು ಎಡಕ್ಕೂ ಬಲಕ್ಕೂ ಒಂದೊಂದು ಕೊಂಡಿಯಿಂದ ಹಿಡಿದರೆ ಹಾಳೆ ಅಲುಗಾಡುವುದಿಲ್ಲ. ಒತ್ತಕ್ಷರವಿರುವ ಪದಗಳಿಗೆ ಎರಡು ಅಂಗುಲಕ್ಕಿಂತ ಕಡಿಮೆ ಎತ್ತರ ಇಡಬಾರದು. ಅದಕ್ಕಿಂತ ಇಳಿದರೆ ಒತ್ತಿನ ಸುರುಳಿಗಳಲ್ಲಿ ಬ್ಲೇಡು ತಿರುಗುವುದೇ ಇಲ್ಲ.