48 ಮೊಟ್ಟೆಯ ಥರ್ಮಾಕೋಲ್ ಇನ್‌ಕ್ಯುಬೇಟರ್: ಹಿತ್ತಲ ಕೋಳಿ ಸಾಕುವವರಿಗಾಗಿ ದೀರ್ಘ ಬಳಕೆಯ ವಿಮರ್ಶೆ

ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ, ಐದಾರು ಸಾವಿರ ರೂಪಾಯಿಗೆ ಸಿಗುವ ಥರ್ಮಾಕೋಲ್ ಪೆಟ್ಟಿಗೆ ಇದು. ಒಳಗೆ ಎರಡು ಬಲ್ಬು, ಒಂದು ಸಣ್ಣ ಫ್ಯಾನು, ಮೊಟ್ಟೆ ಹೊರಳಿಸುವ ಮೋಟಾರಿನ ಟ್ರೇ, ನೀರಿನ ತಟ್ಟೆ. ಮುಚ್ಚಳದ ಮೇಲೆ ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುವ ಕಂಟ್ರೋಲರ್. ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಇದು ಕೆಲಸ ಮಾಡುತ್ತದೆ. ಆದರೆ ಬಂದ ಹಾಗೆಯೇ ಪ್ಲಗ್ ಹಾಕಿ ಮೊಟ್ಟೆ ಇಟ್ಟರೆ ಫಲಿತಾಂಶ ಅದೃಷ್ಟಕ್ಕೆ ಬಿಟ್ಟದ್ದು.

ಒಳ್ಳೆಯ ಕಾವಿನ ಹೇಟೆ ಇದ್ದವರಿಗೆ ಈ ಪೆಟ್ಟಿಗೆಯ ಅವಸರವಿಲ್ಲ. ಹನ್ನೆರಡು ಮೊಟ್ಟೆಯ ಮಟ್ಟಿಗೆ ನಾಟಿ ಹೇಟೆಯನ್ನು ಯಾವ ಯಂತ್ರವೂ ಮೀರಿಸುವುದಿಲ್ಲ. ಆದರೆ ಕಾವು ಕೂತು, ಮರಿ ಸಾಕಿ, ಮತ್ತೆ ಮೊಟ್ಟೆಗೆ ಬರುವಷ್ಟರಲ್ಲಿ ಅದರ ಎರಡು ಮೂರು ತಿಂಗಳು ಕಳೆದಿರುತ್ತದೆ. ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿಗಳಂತೂ ಕಾವು ಕೂರುವುದನ್ನೇ ಬಹುಮಟ್ಟಿಗೆ ಮರೆತಿವೆ. ಅಂಥ ಕಡೆ ಪೆಟ್ಟಿಗೆಗೆ ಬೆಲೆ ಇದೆ.

ಮೊಟ್ಟೆ ಇಡುವ ಮೊದಲು ಯಂತ್ರವನ್ನು ಒಂದು ಪೂರ್ತಿ ದಿನ ಖಾಲಿ ಓಡಿಸಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5ರಿಂದ 37.7 ಡಿಗ್ರಿ ಸೆಲ್ಸಿಯಸ್ ಬೇಕು. ಕಂಟ್ರೋಲರ್ ತೋರಿಸುವ ಅಂಕಿಯನ್ನು ನಂಬಬೇಡಿ, ಅರ್ಧ ಡಿಗ್ರಿ ಅತ್ತಿತ್ತ ಇರುವುದು ಸಾಮಾನ್ಯ. ಜ್ವರ ನೋಡುವ ಥರ್ಮಾಮೀಟರ್ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಏಕೆಂದರೆ ಅದನ್ನು ಮಾಡಿರುವುದೇ ಈ ಉಷ್ಣಾಂಶದ ಆಸುಪಾಸಿಗೆ. ಅದು ಮುಟ್ಟಿದ ಗರಿಷ್ಠ ಅಂಕಿಯನ್ನೇ ಹಿಡಿದಿಡುತ್ತದೆ ಎನ್ನುವುದು ನೆನಪಿರಲಿ. ಬಲ್ಬು ಹತ್ತಿ ಆರುವಾಗಿನ ಏರಿಳಿತ ಎಷ್ಟು ಮೇಲೆ ಹೋಗುತ್ತದೆ ಎಂದೂ ಇದರಿಂದ ತಿಳಿಯುತ್ತದೆ. ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿ. ಮೂಲೆ ಮೂಲೆಗೆ ಒಂದು ಡಿಗ್ರಿ ವ್ಯತ್ಯಾಸ ಬಂದರೆ ಫ್ಯಾನಿನ ದಿಕ್ಕು ಬದಲಿಸಬೇಕು, ಬಲ್ಬಿನ ನೇರ ಬಿಸಿ ಮೊಟ್ಟೆಗೆ ತಾಗದಂತೆ ತಗಡಿನ ಮರೆ ಕಟ್ಟಬೇಕು. ತೇವಾಂಶದ ಸೆನ್ಸರ್ ಪರೀಕ್ಷೆಗೆ ಅಡುಗೆ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟೇ ನೀರು ಬೆರೆಸಿ, ಸೆನ್ಸರ್ ಜೊತೆ ಗಾಳಿಯಾಡದ ಚೀಲದಲ್ಲಿ ಏಳೆಂಟು ಗಂಟೆ ಕಟ್ಟಿಡಿ. 75 ತೋರಿಸಬೇಕು. 68 ತೋರಿಸಿದರೆ ಅದು 7 ಕಡಿಮೆ ಹೇಳುತ್ತಿದೆ ಎಂದು ಪೆಟ್ಟಿಗೆಯ ಮೇಲೆ ಬರೆದಿಡಿ.

ಈ ಪೆಟ್ಟಿಗೆಯ ದೊಡ್ಡ ಕುಂದು ಕಂಟ್ರೋಲರಿನ ಒಳಗಿನ ರಿಲೇ. ಗಂಟೆಗೆ ಹತ್ತಾರು ಸಲ ಟಕ್ ಟಕ್ ಎನ್ನುತ್ತಾ ಬಲ್ಬು ಹತ್ತಿಸಿ ಆರಿಸಿ, ಒಂದು ದಿನ ಅದರ ಸಂಪರ್ಕ ಬೆಸೆದು ಅಂಟಿಕೊಳ್ಳುತ್ತದೆ. ಆಗ ಡಿಸ್‌ಪ್ಲೇ ಏರುತ್ತಿರುವ ಉಷ್ಣಾಂಶವನ್ನು ಸರಿಯಾಗಿಯೇ ತೋರಿಸುತ್ತಿರುತ್ತದೆ, ಅಲಾರಂ ಸಹ ಕೂಗುತ್ತದೆ, ಆದರೆ ಬಲ್ಬು ಮಾತ್ರ ಆರುವುದಿಲ್ಲ. ರಾತ್ರಿ ಹೀಗಾದರೆ ಬೆಳಗಿನ ಹೊತ್ತಿಗೆ ಭ್ರೂಣಗಳು ಬೆಂದಿರುತ್ತವೆ. ತಂಪನ್ನು ಮೊಟ್ಟೆ ಕೆಲವು ಗಂಟೆ ತಡೆದುಕೊಳ್ಳುತ್ತದೆ, 40 ದಾಟಿದ ಬಿಸಿಯನ್ನು ತಡೆಯುವುದಿಲ್ಲ. ಪರಿಹಾರ ಅಗ್ಗ: ಇನ್ನೊಂದು ಸಣ್ಣ ಥರ್ಮೋಸ್ಟಾಟ್ ತಂದು ಬಲ್ಬಿನ ತಂತಿಯಲ್ಲೇ ಮೊದಲನೆಯದರ ನಂತರ ಸಾಲಾಗಿ ಜೋಡಿಸಿ 38.5ಕ್ಕೆ ಇಡುವುದು. ಮೊದಲನೆಯದು ಸರಿ ಇರುವಷ್ಟು ಕಾಲ ಎರಡನೆಯದು ಸುಮ್ಮನಿರುತ್ತದೆ. ಇದು 230 ವೋಲ್ಟಿನ ಕೆಲಸ, ಪಕ್ಕದಲ್ಲೇ ನೀರಿನ ತಟ್ಟೆ ಇದೆ. ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಇದನ್ನು ಮಾಡಿಸದೆ ಒಂದು ಮೊಟ್ಟೆಯನ್ನೂ ಇಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ತಿರುಗಿಸುವ ಟ್ರೇ ಮಾಡಿರುವುದು ಫಾರಂ ಮೊಟ್ಟೆಯ ಅಳತೆಗೆ, ಅಂದರೆ 55–60 ಗ್ರಾಂಗೆ. ನಾಟಿ ಕೋಳಿ ಮೊಟ್ಟೆ 40–45 ಗ್ರಾಂ ಮಾತ್ರ. ಕಂಬಿಗಳ ನಡುವೆ ಸಡಿಲವಾಗಿ ಕೂತು ಹೊರಳುವ ಬದಲು ಜಾರುತ್ತದೆ. ಪ್ರತಿ ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಎರಡು ಗಂಟೆ ಬಿಟ್ಟು ನೋಡಿದರೆ ಯಾವುದು ಹೊರಳಿಲ್ಲ ಎಂದು ಗೊತ್ತಾಗುತ್ತದೆ. ಕಂಬಿಯನ್ನು ಒಂದು ತೂತಿನಷ್ಟು ಹತ್ತಿರ ಸರಿಸಿದರೆ ಸರಿಹೋಗುತ್ತದೆ. ಹೊರಳದ ಮೊಟ್ಟೆಯಲ್ಲಿ ಭ್ರೂಣ ಸಿಪ್ಪೆಯ ಒಳಪೊರೆಗೆ ಅಂಟಿ ಸಾಯುತ್ತದೆ.

ತೇವಾಂಶದ ವಿಷಯದಲ್ಲಿ ಜೊತೆಗೆ ಬರುವ ಚೀಟಿ ಎಲ್ಲರಿಗೂ ಒಂದೇ ಮಾತು ಹೇಳುತ್ತದೆ: ತಟ್ಟೆ ತುಂಬಾ ನೀರು ಹಾಕಿ. ಕರ್ನಾಟಕದಂಥ ನಾಡಿಗೆ ಇದು ತಪ್ಪು. ಮಂಗಳೂರು, ಉಡುಪಿ ಕಡೆ ಮಳೆಗಾಲದ ಗಾಳಿ 26 ಡಿಗ್ರಿಯಲ್ಲಿ 90 ಶೇಕಡಾ ತೇವ ಹೊತ್ತಿರುತ್ತದೆ. ಅದೇ ಗಾಳಿ ಪೆಟ್ಟಿಗೆಯೊಳಗೆ 37.6ಕ್ಕೆ ಕಾದಾಗ ನೀರೇ ಇಲ್ಲದೆ 45–47 ಬರುತ್ತದೆ. ಮೊದಲ 18 ದಿನಕ್ಕೆ ಅಷ್ಟು ಸಾಕು, ತಟ್ಟೆ ಒಣಗಿಯೇ ಇರಲಿ. ಬಳ್ಳಾರಿ, ರಾಯಚೂರು, ಕಲಬುರಗಿಯ ಒಣ ಹವೆಯಲ್ಲಿ ಅದೇ ಪೆಟ್ಟಿಗೆ 20ಕ್ಕೆ ಇಳಿಯುತ್ತದೆ, ಅಲ್ಲಿ ತಟ್ಟೆ ತುಂಬಿರಬೇಕು. ಬೆಂಗಳೂರಿನ ಚಳಿಗಾಲ ಮೋಸ ಮಾಡುತ್ತದೆ. ಹೊರಗೆ ಮಂಜು ಕವಿದಿದ್ದರೂ ಆ ತಣ್ಣನೆಯ ಗಾಳಿ ಕಾದಾಗ ಒಣಗಿಬಿಡುತ್ತದೆ, ಹಾಗಾಗಿ ಅಲ್ಲೂ ನೀರು ಬೇಕು.

ಅಂಕಿಗಿಂತ ಭರವಸೆಯ ಅಳತೆ ತೂಕ. 18ನೇ ದಿನದ ಹೊತ್ತಿಗೆ ಮೊಟ್ಟೆ ಸುಮಾರು 12 ಶೇಕಡಾ ತೂಕ ಕಳೆದುಕೊಳ್ಳಬೇಕು. ಹತ್ತು ಮೊಟ್ಟೆ ಸೇರಿ 450 ಗ್ರಾಂ ಇದ್ದರೆ 7ನೇ ದಿನ 429ರ ಆಸುಪಾಸು, 18ನೇ ದಿನ 396. 7ನೇ ದಿನ 440 ಇದ್ದರೆ ಒಳಗೆ ತೇವ ಹೆಚ್ಚಾಗಿದೆ, ನೀರು ತೆಗೆಯಿರಿ. 415ಕ್ಕೆ ಇಳಿದಿದ್ದರೆ ನೀರು ಸೇರಿಸಿ. ಹದ ತಪ್ಪಿದರೆ ಏನಾಗುತ್ತದೆ? ತೇವ ಹೆಚ್ಚಾದರೆ ಮೊಟ್ಟೆಯ ದಪ್ಪ ತುದಿಯ ಗಾಳಿಗೂಡು ಚಿಕ್ಕದಾಗಿಯೇ ಉಳಿದು, ಪೂರ್ತಿ ಬೆಳೆದ ಮರಿ ಒಳಗೇ ಉಸಿರುಗಟ್ಟುತ್ತದೆ. ಕಡಿಮೆಯಾದರೆ ಒಳಪೊರೆ ಒಣಗಿ ಮರಿಯ ಮೈಗೆ ಬಿಗಿದುಕೊಳ್ಳುತ್ತದೆ, ಸಿಪ್ಪೆ ಒಡೆದ ಮೇಲೂ ಹೊರಬರಲಾಗುವುದಿಲ್ಲ. 18ನೇ ದಿನ ತಿರುಗಿಸುವುದನ್ನು ನಿಲ್ಲಿಸಿ, ಕಂಬಿ ತೆಗೆದು, ಒರಟು ಬಟ್ಟೆ ಹಾಸಿ, ತೇವ 65–70ಕ್ಕೆ ಏರಿಸಿ, ಗಾಳಿಯ ತೂತು ಪೂರ್ತಿ ತೆರೆಯಿರಿ. ಆಮೇಲೆ ಮುಚ್ಚಳ ತೆಗೆಯಬೇಡಿ. ಸಿಪ್ಪೆ ಒಡೆಯಲು ಶುರುಮಾಡಿದ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುವುದು ಸಹಜ. ಮುಂಚೆ ಬಂದ ಮರಿ ಒಂದು ದಿನ ಒಳಗೇ ಇದ್ದರೂ ಹಸಿದು ಸಾಯುವುದಿಲ್ಲ, ಹೊಟ್ಟೆಯೊಳಗೆ ಸೇರಿದ ಹಳದಿ ಲೋಳೆ ಅದನ್ನು ಕಾಪಾಡುತ್ತದೆ.

ಈ ಪೆಟ್ಟಿಗೆ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಏಪ್ರಿಲ್–ಮೇ ತಿಂಗಳಲ್ಲಿ ತಗಡಿನ ಮಾಡಿನ ಕೋಣೆ 38 ದಾಟಿದರೆ ಬಲ್ಬು ಆರಿದ್ದರೂ ಒಳಗಿನ ಬಿಸಿ ಏರುತ್ತಲೇ ಹೋಗುತ್ತದೆ. ಬಯಲುಸೀಮೆಯವರು ಆ ಎರಡು ತಿಂಗಳು ಯಂತ್ರ ಮುಚ್ಚಿಡುವುದೇ ಸರಿ. ಕರೆಂಟು ಹೋದಾಗ ಮೊದಲ ಎರಡು ವಾರ ಮೇಲೊಂದು ಕಂಬಳಿ ಹೊದಿಸಿ ಮುಚ್ಚಿಟ್ಟರೆ ಎರಡು ಮೂರು ಗಂಟೆ ದಾಟಿಸಬಹುದು. ಕೊನೆಯ ವಾರ ಮರಿಗಳಿಗೆ ಉಸಿರಾಟ ಬೇಕು, ತೂತು ಮುಚ್ಚಬೇಡಿ. 12 ವೋಲ್ಟ್ ಹೀಟರ್ ಇರುವ ಮಾದರಿಗೆ ಅಂಗಡಿಯವರು ಕೊಡುವ 7 ಆಂಪಿಯರ್-ಅವರ್ ಬ್ಯಾಟರಿ ಎರಡು ಮೂರು ಗಂಟೆಗಿಂತ ಹೆಚ್ಚು ಬಾರದು. ಮನೆಯ ಇನ್ವರ್ಟರ್ ಲೈನಿಗೆ ಸೇರಿಸುವುದು ಎಲ್ಲಕ್ಕಿಂತ ಮೇಲು.

ಇಷ್ಟೆಲ್ಲ ಮಾಡಿದರೂ ಮರಿ ಬರುವುದು ಹುಂಜ ಸರಿ ಇದ್ದರೆ ಮಾತ್ರ. ಈ ಯಂತ್ರದ ಬಗ್ಗೆ ಬರುವ ದೂರುಗಳಲ್ಲಿ ದೊಡ್ಡ ಪಾಲು ನಿಜಕ್ಕೂ ಹುಂಜದ ದೂರುಗಳು. ಎಂಟರಿಂದ ಹತ್ತು ಹೇಟೆಗೆ ಒಂದು ಹುಂಜ ಇರಲಿ, ಗಿರಿರಾಜದಂಥ ಭಾರದ ಹುಂಜವಾದರೆ ಎಂಟು ಸಾಕು. ವಯಸ್ಸು ಎಂಟು ತಿಂಗಳಿನಿಂದ ಎರಡು ವರ್ಷ. ಹೊಸ ಹುಂಜ ಬಿಟ್ಟ ನಾಲ್ಕೈದು ದಿನಕ್ಕೆ ಮೊಟ್ಟೆ ಫಲಿಸಲು ಶುರುವಾಗುತ್ತದೆ. ಹಳೆಯದನ್ನು ತೆಗೆದ ಮೇಲೂ ಅದರ ವೀರ್ಯ ಹೇಟೆಯೊಳಗೆ ಎರಡು ವಾರ ಉಳಿಯುತ್ತದೆ, ಆದ್ದರಿಂದ ತಳಿ ಬದಲಿಸುವವರು ಮೂರು ವಾರ ಕಾಯಬೇಕು. ಹೆಚ್ಚು ಹುಂಜ ಇಟ್ಟರೆ ಫಲ ಹೆಚ್ಚುವುದಿಲ್ಲ. ಒಂದನ್ನೊಂದು ಹೇಟೆಯ ಮೇಲಿಂದ ತಳ್ಳುತ್ತವೆ, ಹೇಟೆಗಳ ಬೆನ್ನು ಬೋಳಾಗುತ್ತದೆ. ಕಾಲಿನ ಮುಳ್ಳು ಉದ್ದವಾಗಿದ್ದರೆ ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಿ, ಬುಡದಲ್ಲಿ ರಕ್ತನಾಳವಿದೆ. ಅಂಗಾಲಿನಲ್ಲಿ ಗಾಯವಾದ ಹುಂಜ ಹತ್ತಲಾರದು, ನೋಡಲು ಎಷ್ಟೇ ಗಟ್ಟಿಯಾಗಿರಲಿ. ಮೊಟ್ಟೆ ಕೋಳಿಗೆಂದು ಮಾಡಿದ ಲೇಯರ್ ಫೀಡಿನ ಕ್ಯಾಲ್ಸಿಯಂ ಹುಂಜದ ಮೂತ್ರಪಿಂಡಕ್ಕೆ ಹೆಚ್ಚಾಗುತ್ತದೆ, ಚಿಪ್ಪಿನ ಪುಡಿಯನ್ನು ಬೇರೆ ಬೋಗುಣಿಯಲ್ಲಿ ಇಟ್ಟರೆ ಹೇಟೆಗಳು ಬೇಕಾದಷ್ಟು ತಿನ್ನುತ್ತವೆ. ಅಣ್ಣ–ತಂಗಿ ಕೂಡಿ ಮರಿಯಾಗುತ್ತಾ ಹೋದರೆ ವರ್ಷ ವರ್ಷಕ್ಕೆ ಮರಿ ಬರುವುದು ಕಡಿಮೆಯಾಗುತ್ತದೆ, ಬೇರೆ ಊರಿನ ಹುಂಜದೊಡನೆ ಅದಲು ಬದಲು ಮಾಡಿಕೊಳ್ಳಿ. ಗಿರಿರಾಜ ಮಿಶ್ರತಳಿ, ಅದರ ಮೊಟ್ಟೆಯಿಂದಲೇ ಮರಿ ಮಾಡಿದರೆ ತಾಯಿಯ ಗುಣ ಒಂದೇ ಸಮ ಬರುವುದಿಲ್ಲ. ನಾಟಿ ಹೇಟೆಗೆ ಗಿರಿರಾಜ ಹುಂಜ ಬಿಡುವುದು ಬೇರೆ ಮಾತು, ಮರಿ ದಪ್ಪ ಬರುತ್ತದೆ.

ಯಂತ್ರ ತುಂಬುವ ಮೊದಲು ಎರಡು ಮೊಟ್ಟೆ ಒಡೆದು ನೋಡಿ. ಹಳದಿಯ ಮೇಲಿನ ಬಿಳಿ ಚುಕ್ಕೆ ನಾಲ್ಕೈದು ಮಿಲಿಮೀಟರಿನ ದುಂಡು ಬಳೆಯಂತಿದ್ದರೆ ಫಲಿತ, ಸಣ್ಣ ಒಡೆದ ಚುಕ್ಕೆಯಾದರೆ ಅಲ್ಲ. ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ, ತೊಳೆಯದೆ, ಮನೆಯ ತಂಪು ಮೂಲೆಯಲ್ಲಿ ಇಡಿ. 16–18 ಡಿಗ್ರಿ ಸಿಕ್ಕರೆ ಏಳು ದಿನ, ಸಾಮಾನ್ಯ ಕೋಣೆಯಲ್ಲಿ ನಾಲ್ಕು ದಿನ. ಬೇಸಿಗೆಯ ಬಿಸಿ ಕೋಣೆಯಲ್ಲಿ ಇಟ್ಟರೆ ಯಂತ್ರಕ್ಕೆ ಹೋಗುವ ಮೊದಲೇ ಭ್ರೂಣ ಅರೆಬರೆ ಬೆಳೆಯತೊಡಗಿ ಸೋಲುತ್ತದೆ.

7ನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ತಪ್ಪು ಎಲ್ಲಿ ಎಂದು ಅರ್ಧ ತಿಳಿಯುತ್ತದೆ. ಐದರಲ್ಲಿ ಒಂದಕ್ಕಿಂತ ಹೆಚ್ಚು ಮೊಟ್ಟೆ ಪೂರ್ತಿ ತಿಳಿಯಾಗಿದ್ದರೆ ಹುಂಜವನ್ನು ನೋಡಿ. ಕೆಂಪು ಉಂಗುರ ಕಂಡರೆ ಭ್ರೂಣ ಶುರುವಾಗಿ ಸತ್ತಿದೆ: ಕೂಡಿಟ್ಟ ರೀತಿ ಅಥವಾ ಬಿಸಿಯ ಏರಿಳಿತ. ಎರಡನೇ ವಾರ ಸಾಯುತ್ತಿದ್ದರೆ ಹೇಟೆಗಳ ಮೇವಿನಲ್ಲಿ ಜೀವಸತ್ವದ ಕೊರತೆ, ಅದರಲ್ಲೂ ರೈಬೋಫ್ಲಾವಿನ್. ಬರೀ ಅನ್ನ, ಜೋಳದ ಮೇಲೆ ಬಿಟ್ಟ ಕೋಳಿಗಳಲ್ಲಿ ಹೀಗಾಗುತ್ತದೆ. 20ನೇ ದಿನವೇ ಹೊಕ್ಕುಳು ಹಸಿಯಿರುವ ಮರಿ ಬಂದರೆ ಬಿಸಿ ಹೆಚ್ಚು, 22 ದಾಟಿದರೆ ಕಡಿಮೆ. ಫಲಿತ ಮೊಟ್ಟೆಗಳಲ್ಲಿ ನೂರಕ್ಕೆ 75–80 ಮರಿ ಬಂದರೆ ಈ ದರ್ಜೆಯ ಪೆಟ್ಟಿಗೆಗೆ ಅದು ಒಳ್ಳೆಯ ಫಲಿತಾಂಶ.

ಥರ್ಮಾಕೋಲ್ ತೊಳೆಯಲು ಬಾರದು, ಮರಿಯ ಪುಕ್ಕದ ಧೂಳು, ಒಡೆದ ಮೊಟ್ಟೆಯ ರಸ ಅದರೊಳಗೆ ಇಳಿದು ನಾರುತ್ತದೆ. ಹೊಸದರಲ್ಲೇ ಒಳಗೋಡೆಗೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಅಂಟಿಸಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಇಲಿ ಕೊರೆಯುತ್ತದೆ, ನೆಲದ ಮೇಲೆ ಇಡಬೇಡಿ.

ಮರಿಗಳಿಗೆ ಮೊದಲ ವಾರ 33–35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಹ್ಯಾಚರಿಯ ಮರಿಗೆ ಮೊದಲ ದಿನವೇ ಹಾಕುವ ಮಾರೆಕ್ಸ್ ಎಂಬ ವೈರಸ್ ರೋಗದ ಲಸಿಕೆ ಮನೆಯಲ್ಲಿ ಹುಟ್ಟಿದ ಮರಿಗೆ ಸಿಕ್ಕಿರುವುದಿಲ್ಲ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನಾದರೂ 5–7ನೇ ದಿನ ಕಣ್ಣಿಗೆ ಒಂದು ಹನಿ ಹಾಕಲೇಬೇಕು. ಸೀಸೆ 100 ಡೋಸಿನದು, ಕಲಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ಪಕ್ಕದ ಮನೆಯವರ ಮರಿಗಳಿದ್ದರೆ ಅದೇ ದಿನ ಅವಕ್ಕೂ ಹಾಕಿಸಿ, ಲಸಿಕೆಯೂ ಪೋಲಾಗುವುದಿಲ್ಲ, ರೋಗವೂ ಬೇಲಿ ದಾಟಿ ಬರುವುದು ಕಡಿಮೆಯಾಗುತ್ತದೆ. ಬಂದ ಮರಿಗಳಲ್ಲಿ ಅರ್ಧ ಹುಂಜಗಳೇ ಆಗಿರುತ್ತವೆ. ಎಂಟನೇ ವಾರದ ಹೊತ್ತಿಗೆ ಜುಟ್ಟಿನ ಕೆಂಪಿನಿಂದ, ಆಮೇಲೆ ಸೊಂಟದ ಚೂಪು ಪುಕ್ಕದಿಂದ ಗುರುತು ಸಿಗುತ್ತದೆ. ಅವನ್ನು ಬೇರೆ ಮಾಡಿ ಇಡುವ ಗೂಡನ್ನು ಮೊಟ್ಟೆ ಯಂತ್ರಕ್ಕೆ ಇಡುವ ಮೊದಲೇ ಕಟ್ಟಿಕೊಳ್ಳಿ.