ಸೀಳಿದ ಉಗುರಿಗೆ ರೇಷ್ಮೆ ಪಟ್ಟಿ: ವೀಣೆ ನುಡಿಸುವವಳ ಅನುಭವ

ಗ್ಯಾಸ್ ಸಿಲಿಂಡರಿನ ಬಿಳಿ ಮುಚ್ಚಳದ ದಾರ ಎಳೆಯುವಾಗ ನನ್ನ ಬಲಗೈ ತೋರುಬೆರಳಿನ ಉಗುರು ಸೀಳಿತು. ತುದಿಯಷ್ಟೇ ಮುರಿದಿದ್ದರೆ ಕತ್ತರಿಸಿ ಸುಮ್ಮನಾಗುತ್ತಿದ್ದೆ. ಇದು ಪಕ್ಕದ ಅಂಚಿನಿಂದ ಅಡ್ಡಕ್ಕೆ ಹರಿದು, ಮಾಂಸಕ್ಕೆ ಅಂಟಿಕೊಂಡಿರುವ ಭಾಗಕ್ಕೇ ಬಂದಿತ್ತು. ಟವೆಲ್ಲಿನ ಒಂದು ಎಳೆ ಸಿಕ್ಕಿಕೊಂಡರೂ ಜೀವ ಹೋದಂತಾಗುತ್ತಿತ್ತು.

ನಾನು ಮೈಸೂರಿನಲ್ಲಿ ಮಕ್ಕಳಿಗೆ ವೀಣೆ ಹೇಳಿಕೊಡುತ್ತೇನೆ. ಬಹಳ ಜನ ಬೆರಳಿಗೆ ತಂತಿಯ ಮೀಟು ಹಾಕಿಕೊಂಡು ನುಡಿಸುತ್ತಾರೆ. ನಮ್ಮ ಗುರುಗಳು ಉಗುರಿನಲ್ಲೇ ಮೀಟಿಸಿದರು, ಇಪ್ಪತ್ತೆರಡು ವರ್ಷದಿಂದ ನನಗೆ ಅದೇ ರೂಢಿ. ಗೊಂಬೆ ಕೂರಿಸುವ ಪರಿಚಯದವರ ಮನೆಯಲ್ಲಿ ನವರಾತ್ರಿಗೆ ನುಡಿಸುತ್ತೇನೆಂದು ಒಪ್ಪಿಕೊಂಡಿದ್ದೆ. ಉಳಿದಿದ್ದು ಹನ್ನೊಂದು ದಿನ.

"ಮಿಸ್, ಟೀ ಬ್ಯಾಗ್ ಹಚ್ಚಿ, ನಮ್ಮಕ್ಕ ಹಾಗೇ ಮಾಡೋದು" ಅಂದಳು ಒಬ್ಬ ಶಿಷ್ಯೆ. ಪುಡಿ ಚೆಲ್ಲಿ, ಖಾಲಿ ಚೀಲದ ಕಾಗದವನ್ನು ಚೂರು ಕತ್ತರಿಸಿ ನೇಲ್ ಗ್ಲೂನಿಂದ ಅಂಟಿಸುವುದು. ಅದೂ ನಿಲ್ಲುತ್ತದೆ. ಆದರೆ ದಿನಕ್ಕೆ ಎರಡು ಗಂಟೆ ವೀಣೆಯ ಮುಖ್ಯ ತಂತಿಯಾದ ಸಾರಣಿಯ ಉಕ್ಕಿಗೆ ತಾಗುವ ಉಗುರಿನಲ್ಲಿ ಮೂರನೇ ದಿನ ಅಂಚಿನಿಂದ ಎದ್ದಿತು. ಆಮೇಲೆ ಆನ್‌ಲೈನಿನಲ್ಲಿ ಸಿಲ್ಕ್ ರ್ಯಾಪ್ ಕಿಟ್ ತರಿಸಿದೆ. 349 ರೂಪಾಯಿ. ಒಳಗೆ 3 ಗ್ರಾಂ ಅಂಟು, ಹಿಂದೆ ಸ್ಟಿಕ್ಕರ್ ಇರುವ ತೆಳು ರೇಷ್ಮೆ ಪಟ್ಟಿ, ಉಗುರು ಉಜ್ಜುವ ಒಂದು ಫೈಲ್, ನುಣುಪು ಮಾಡುವ ಒಂದು ಬಫರ್.

ರೇಷ್ಮೆಗೆ ಪೂರ್ತಿ ಅಂಕ ಕೊಡುತ್ತೇನೆ. ಸೀಳಿಗಿಂತ ಎರಡೂ ಬದಿ ಸ್ವಲ್ಪ ಹೆಚ್ಚೇ ಬರುವಂತೆ ಕತ್ತರಿಸಿ, ಚಿಮುಟದಲ್ಲಿ ಹಿಡಿದು ಕೂರಿಸಿ, ಮೇಲೊಂದು ಹನಿ ಅಂಟು ಬಿಟ್ಟರೆ ಬಿಳಿ ಬಟ್ಟೆ ಕಣ್ಣೆದುರೇ ಮಾಯವಾಗಿ ಗಾಜಿನ ಹಾಗೆ ಆಗುತ್ತದೆ. ಒಣಗಿದ ಮೇಲೆ ಇನ್ನೊಂದು ಪದರ ಅಂಟು, ಮತ್ತೆ ನುಣುಪು ಮಾಡುವುದು. ಮೊದಲ ಸಲ ಮೀಟಿದಾಗ ನಾದದ ಜೊತೆ ಕರಕರ ಅನ್ನುವ ಸದ್ದು ಬಂತು. ಬೆಳಕಿಗೆ ಹಿಡಿದು ನೋಡಿದರೆ, ಉಗುರಿನ ತುದಿಯಲ್ಲಿ ಕೂದಲಿಗಿಂತ ಸಣ್ಣ ರೇಷ್ಮೆ ಎಳೆಯೊಂದು ಹೊರಗೆ ಚಾಚಿತ್ತು. ಬಫರಿನಿಂದ ಅಂಚಿನ ಕೆಳಭಾಗ ಉಜ್ಜಿ ಆ ಎಳೆ ತೆಗೆದ ಮೇಲೆ ನನ್ನ ಮೀಟು ನನಗೆ ವಾಪಸ್ ಬಂತು. ಆ ಹೊತ್ತಿನ ಸಮಾಧಾನ ಹೇಳಲಾರೆ.

ಕಿಟ್ಟಿನ ಫೈಲ್ ಮಾತ್ರ ಬೇಡ. ಒರಟು, ಉಗುರಿನ ಪದರವನ್ನೇ ಕಿತ್ತು ತರುತ್ತದೆ. ಫ್ಯಾನ್ಸಿ ಸ್ಟೋರಿನಲ್ಲಿ 240 ಗ್ರಿಟ್ಟಿನ, ಅಂದರೆ ಇನ್ನೂ ನಯವಾದ ಫೈಲ್ ತಂದು, ಹಿಂದೆ ಮುಂದೆ ಗರಗಸ ಆಡಿಸದೆ ಒಂದೇ ದಿಕ್ಕಿಗೆ ಉಜ್ಜಿದೆ. ಅಂಟಿನ ಮೂತಿಯೂ ಎರಡನೇ ಬಳಕೆಗೇ ಕಟ್ಟಿಕೊಂಡಿತು. ಪಾತ್ರೆ, ಚಪ್ಪಲಿಗೆ ಹಚ್ಚುವ ಅಂಟೂ ಇದೇ ಸಯನೋಅಕ್ರಿಲೇಟ್ ಜಾತಿಯದೇ ತಾನೇ ಎಂದು ಪಕ್ಕದ ಮನೆಯವರು ಹೇಳಿದರು. ಜಾತಿ ಒಂದೇ ಇರಬಹುದು, ಆದರೆ ಅದನ್ನು ಮೈಗೆ ಹಚ್ಚಲೆಂದು ಮಾಡಿಲ್ಲ. ನಾನು ಮುಟ್ಟಲಿಲ್ಲ. ಇನ್ನೊಂದು ಮಾತು: ಯಾವ ಕಂಪನಿಯದೇ ಆಗಲಿ, ಈ ಅಂಟು ಸುರಿದಾಗ ಹತ್ತಿಯಲ್ಲಿ ಒರೆಸಬೇಡಿ. ಹತ್ತಿಗೆ ತಾಗಿದರೆ ಸುಡುವಷ್ಟು ಬಿಸಿಯೇರುತ್ತದೆ. ನನ್ನ ಕಿಟ್ಟಿನ ಚೀಟಿಯಲ್ಲಿ ಇದು ಬರೆದೇ ಇಲ್ಲ, ಅದು ನನಗೆ ನಿಜವಾಗಿ ಬೇಸರ ತಂದ ಸಂಗತಿ.

ರಕ್ತ ಬಂದಿದ್ದರೆ, ಬುಡ ಕೆಂಪಾಗಿ ಊದಿ ಉಗುರುಸುತ್ತಿನ ಲಕ್ಷಣ ಕಂಡರೆ ಅಂಟು ಹಚ್ಚುವ ಮಾತೇ ಇಲ್ಲ, ಡಾಕ್ಟರ ಹತ್ತಿರ ಹೋಗಬೇಕು. ನನಗೆ ರಕ್ತ ಬಂದಿರಲಿಲ್ಲ. ಆದರೂ ಎರಡು ದಿನ ಸೋಪಿನಲ್ಲಿ ತೊಳೆದು, ಬ್ಯಾಂಡೇಜ್ ಸುತ್ತಿ, ನೋವು ಇಳಿದ ಮೇಲೇ ಕೈಹಾಕಿದೆ. ಜೋತಾಡುತ್ತಿದ್ದ ಚೂರನ್ನು ಎಳೆದು ಕೀಳಲಿಲ್ಲ. ಕಿತ್ತರೆ ಸೀಳು ಇನ್ನೂ ಒಳಕ್ಕೆ ಹೋಗುತ್ತದೆ.

ಸೀಳಿದ ಉಗುರು ಕೂಡಿಕೊಳ್ಳುವುದಿಲ್ಲ ಅನ್ನುವುದನ್ನು ಕೊಳ್ಳುವವರು ತಿಳಿದಿರಬೇಕು. ಅದು ನಿರ್ಜೀವ ಕೆರಾಟಿನ್. ಬುಡದಿಂದ ಹೊಸದು ಬೆಳೆದು ಹಳೆಯದನ್ನು ಮುಂದಕ್ಕೆ ತಳ್ಳುವವರೆಗೆ ಪಟ್ಟಿ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ಕೈಬೆರಳಿನ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ನನಗೆ ಆರು ವಾರ ಹಿಡಿಯಿತು, ನಡುವೆ ನಾಲ್ಕು ಸಲ ಹೊಸ ಪಟ್ಟಿ. ಒಂದು ಪಟ್ಟಿ ಹೆಚ್ಚೆಂದರೆ ಎಂಟು ದಿನ ಬಂತು. ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್ ಹಾಕಿದ ವಾರ ಎಂಟು ದಿನ, ಹಾಕದ ವಾರ ಐದು. ನೀರು ಕುಡಿದು ಉಬ್ಬುವುದು, ಒಣಗಿ ಕುಗ್ಗುವುದು, ಇದರಿಂದಲೇ ಉಗುರು ಪದರ ಪದರವಾಗಿ ಏಳುವುದು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಆದರೆ ಪಟ್ಟಿ ಹಾಕುವ ದಿನ ಎಣ್ಣೆಯ ಪಸೆಯೂ ಇರಕೂಡದು, ಸ್ಪಿರಿಟ್ಟಿನಲ್ಲಿ ಒರೆಸಿದರೆ ಮಾತ್ರ ಅಂಟು ಹಿಡಿಯುತ್ತದೆ. ಮೆಡಿಕಲ್ ಶಾಪಿನವರು ಬಯೋಟಿನ್ ಮಾತ್ರೆ ಮುಂದಿಟ್ಟರು, ತೆಗೆದುಕೊಳ್ಳಲಿಲ್ಲ. ನನಗೆ ಥೈರಾಯ್ಡ್ ಇದೆ, ಆ ಮಾತ್ರೆ ರಕ್ತಪರೀಕ್ಷೆಯ ಫಲಿತಾಂಶವನ್ನೇ ಏರುಪೇರು ಮಾಡಬಲ್ಲದು.

ಗೊಂಬೆ ಮನೆಯಲ್ಲಿ ಮುಕ್ಕಾಲು ಗಂಟೆ ನುಡಿಸಿದೆ. ಪಟ್ಟಿ ಅಲುಗಲಿಲ್ಲ. ಮೊನ್ನೆ ಶುಕ್ರವಾರ ಆ ಸೀಳಿನ ಗುರುತಿದ್ದ ಕೊನೆಯ ಚೂರನ್ನು ಕತ್ತರಿಸಿದೆ. ಉಳಿದ ರೇಷ್ಮೆಯನ್ನು ವೀಣೆಯ ತಂತಿ ಇಡುವ ಡಬ್ಬಿಯಲ್ಲೇ ಇಟ್ಟಿದ್ದೇನೆ. ಅಂಟು ಒಣಗಿಹೋಗಿದೆ, ಹೊಸದು ತರಿಸಬೇಕು.